ತಾಳಿಕೋ ಎಂದು ನಾನೇ ಬರೆದಿದ್ದೆ

ನನ್ನ ಒಂದು ದವಡೆ ಹಲ್ಲು ಅಮೆರಿಕದಲ್ಲೇ ಉಳಿದುಬಿಟ್ಟಿದೆ. ಅಲ್ಲಿಗೆ ಹೋದವರು ಬಾದಾಮಿ, ಚಾಕೊಲೇಟು, ನಯಾಗರದ ಮುಂದೆ ನಿಂತ ಫೋಟೊ ತರುತ್ತಾರೆ. ನಾನು ಹಲ್ಲು ಕೊಟ್ಟು ಬಂದವಳು. ಪ್ರವಾಸ ಹೇಗಿತ್ತು ಎಂದು ಕೇಳಿದವರಿಗೆಲ್ಲ ಇಷ್ಟು ದಿನ ಈ ಹಲ್ಲಿನ ಕಥೆ ಹೇಳಿ, ನಗಿಸಿ ಕಳಿಸಿದ್ದೇನೆ. ಪೂರ್ತಿ ಹೇಳಿರಲಿಲ್ಲ. ಪೂರ್ತಿ ಹೇಳಿದರೆ ಅದರಲ್ಲಿ ನನ್ನ ಗೆಳತಿ ವಿಮಲಳ ಜೀವದ ಪ್ರಶ್ನೆ ಬರುತ್ತದೆ, ನನ್ನ ತಪ್ಪೂ ಬರುತ್ತದೆ. ಬರೆಯಲೇ ಎಂದು ಫೋನಿನಲ್ಲಿ ಅವಳನ್ನೇ ಕೇಳಿದೆ. "ಬರಿ, ಆದ್ರೆ ನನ್ನನ್ನ ದೇವತೆ ಮಾಡ್ಬೇಡ" ಎಂದಳು.

ನಾನು ತುಮಕೂರಿನ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಹಳೆಯ ಸ್ಕಾಟ್ಲೆಂಡಿನ ಲಾವಣಿ, ಕಥೆಗಳ ಹುಚ್ಚು ಎಂ.ಎ. ಓದುವಾಗಲೇ ಹತ್ತಿತ್ತು. ಆ ಜನರ ಹಳ್ಳಿಮಾತಿನಲ್ಲಿ 'ಥೋಲ್' ಎಂಬ ಹಳೆಯ ಕ್ರಿಯಾಪದವೊಂದಿದೆ. ತಾಳಿಕೊಳ್ಳುವುದು, ತುಟಿ ಬಿಚ್ಚದೆ ಅನುಭವಿಸುವುದು ಎಂದು ಅರ್ಥ. ಕಡಲಿಗೆ ಹೋದ ಗಂಡ ಬಾರದಿದ್ದರೆ ಹೆಂಡತಿ ಥೋಲ್ ಮಾಡುತ್ತಾಳೆ, ಹಿಮ ಕರಗದಿದ್ದರೆ ಕುರಿಗಾಹಿ ಥೋಲ್ ಮಾಡುತ್ತಾನೆ, ಹಳೆಯ ನ್ಯಾಯಾಲಯದ ಕಾಗದಗಳಲ್ಲಿ ಆರೋಪಿಯಾದವನು ವಿಚಾರಣೆಯನ್ನೇ ಥೋಲ್ ಮಾಡುತ್ತಾನೆ. ಓದುವಾಗ ಈ ಪದ ಎಲ್ಲಿ ಕಂಡರೂ ಆ ವಾಕ್ಯವನ್ನು ಒಂದು ಕಾರ್ಡಿನ ಮೇಲೆ ಬರೆದು ಚಪ್ಪಲಿ ಡಬ್ಬಿಯಲ್ಲಿ ಹಾಕಿಡುವುದು ನನ್ನ ಅಭ್ಯಾಸ. ಡಬ್ಬಿ ತುಂಬಿ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕುವ ಹಾಗಾಗಿದೆ.

ಆ ಕಥೆಗಳ ನನ್ನ ಅನುವಾದ ಅಚ್ಚಿಗೆ ಹೊರಟಿತ್ತು. ಮುನ್ನುಡಿಯಲ್ಲಿ ಹನ್ನೆರಡು ಪುಟ ಈ ಒಂದು ಪದವನ್ನೇ ಹೊಗಳಿ, ನಮ್ಮ 'ತಾಳಿದವನು ಬಾಳಿಯಾನು' ಗಾದೆಯ ಜೊತೆ ಅದಕ್ಕೆ ಗಂಟು ಹಾಕಿದ್ದೆ. ಅರ್ಪಣೆ ವಿಮಲಳಿಗೆ: 'ತಾಳುವುದನ್ನು ಬಾಳಿ ತೋರಿಸಿದ ಗೆಳತಿಗೆ.' ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಡಾಕ್ಟರನ್ನು ಮದುವೆಯಾಗಿ ಎಪ್ಪತ್ತೇಳರಲ್ಲಿ ಅಟ್ಲಾಂಟಾಗೆ ಹೋದಳು. ಅಂದಿನಿಂದ ತಿಂಗಳಿಗೊಂದು ಕಾಗದ. ವಾಟ್ಸಾಪ್ ಬಂದ ಮೇಲೂ ನಿಲ್ಲಿಸಲಿಲ್ಲ. ಪ್ರತಿ ಕಾಗದದ ಕೊನೆಗೆ ಸಹಿಯ ಮೇಲೆ ಇಬ್ಬರೂ 'ಥೋಲ್' ಎಂದು ಬರೆಯುತ್ತಿದ್ದೆವು. ಅವಳು ಊರಿಗೆ ಬಂದಾಗ ಯಾರದೋ ಮದುವೆಮನೆಯಲ್ಲಿ ಅರ್ಧ ದಿನ ಸಿಕ್ಕರೆ ಹೆಚ್ಚು. ಅವಳ ಮನೆಗೆ ನಾನು ಹೊರಟದ್ದು ಇದೇ ಮೊದಲು, ಎಪ್ಪತ್ತನೆಯ ವಯಸ್ಸಿನಲ್ಲಿ, ಕೊರೋನ ಮುಗಿದ ಮೇಲೆ. ಅರ್ಪಣೆಯ ಪುಟವನ್ನು ಅವಳ ಕೈಗೇ ಕೊಡಬೇಕು ಎಂಬ ಆಸೆಯಿತ್ತು.

ಕ್ಲಾರ್ಕ್ಸ್‌ಬರ್ಗ್

ವಾಷಿಂಗ್ಟನ್ನಿನಲ್ಲಿ ಇಳಿದವಳನ್ನು ಕರೆದೊಯ್ಯಲು ಬಂದದ್ದು ಶ್ರುತಿ. ಒಂದು ಕಾಲದಲ್ಲಿ ನನ್ನ ತರಗತಿಯ ಮೂರನೇ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದವಳು, ಈಗ ಅಲ್ಲಿಗೆ ಹತ್ತಿರದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಗಂಡ ಮತ್ತು ಒಂಬತ್ತು ವರ್ಷದ ಮಗಳು ದಿಯಾಳೊಂದಿಗೆ ಇದ್ದಾಳೆ. ಅಲ್ಲಿ ಹತ್ತು ದಿನವಿದ್ದು, ಕನ್ನಡದವರ ಮುಂದೆ ಒಂದು ಭಾಷಣ ಮಾಡಿ, ಆಮೇಲೆ ವಿಮಲಳ ಮನೆಗೆ ಹೋಗುವುದೆಂದು ಗೊತ್ತಾಗಿತ್ತು.

ಆ ಊರಿನ ಮನೆಗಳೆಲ್ಲ ಒಂದೇ ಅಚ್ಚಿನವು. ಎರಡನೆಯ ದಿನ ಬೆಳಗಿನ ವಾಕಿಂಗ್ ಮುಗಿಸಿ ಬಂದು, ಬಾಗಿಲು ದೂಡಿ, ಚಪ್ಪಲಿ ಬಿಟ್ಟು, "ಶ್ರುತೀ, ಕಾಫಿ ಆಯ್ತೇನೇ?" ಎಂದು ಕೂಗಿದೆ. ಅಡುಗೆಮನೆಯಿಂದ ಚಡ್ಡಿ ತೊಟ್ಟ ಆರಡಿಯ ಬಿಳಿಯನೊಬ್ಬ ಹೊರಗೆ ಬಂದ. ಅವನು ಕಿರುಚಲಿಲ್ಲ, ಪೊಲೀಸರನ್ನು ಕರೆಯಲಿಲ್ಲ, "ಹೌ ಆರ್ ಯೂ?" ಎಂದು ಕೇಳಿದ. ನಾನು "ಗುಡ್" ಎಂದು ಹೇಳಿ ಬರಿಗಾಲಿನಲ್ಲಿ ಓಡಿ ಬಂದೆ. ದಿಯಾ ಹೋಗಿ ನನ್ನ ಚಪ್ಪಲಿ ತಂದುಕೊಟ್ಟಳು.

ಈ 'ಹೌ ಆರ್ ಯೂ' ನನ್ನನ್ನು ಬಹಳ ಕಾಡಿತು. ಅಂಗಡಿಯವಳು ಕೇಳುತ್ತಾಳೆ, ಅಂಚೆಯವನು ಕೇಳುತ್ತಾನೆ, ನಾಯಿ ಹಿಡಿದು ಎದುರಿಗೆ ಬಂದವರು ಕೇಳುತ್ತಾರೆ. ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ. ನಮ್ಮಲ್ಲಿ 'ಊಟ ಆಯ್ತಾ' ಎಂದು ಕೇಳಿದರೆ, ಆಗಿಲ್ಲವೆಂದವರನ್ನು ಒಳಗೆ ಕರೆದು ಎಲೆ ಹಾಕಬೇಕು. ಇದೆಂಥ ಬಾಯಿಮಾತು ಎಂದು ಶ್ರುತಿಯ ಮುಂದೆ ಗೊಣಗಿದೆ. ನಾನೂ ಎಲ್ಲರಿಗೂ 'ಗುಡ್' ಎಂದು ಸುಳ್ಳೇ ಹೇಳುತ್ತಿದ್ದೇನೆ ಎನ್ನುವುದು ಆಗ ಹೊಳೆಯಲಿಲ್ಲ.

ಭಾಷಣ ಶ್ರುತಿಯ ಮನೆಯ ಬೇಸ್‌ಮೆಂಟಿನಲ್ಲಿ. ಮೂವತ್ತು ನಲವತ್ತು ಜನ ನೆಲದ ಮೇಲೆ ಜಮಖಾನ ಹಾಸಿ ಕೂತಿದ್ದರು. ಥೋಲ್ ಬಗ್ಗೆ ಒಂದು ಗಂಟೆ ಮಾತಾಡಿದೆ. ತಾಳುವುದೇ ಶೀಲ, ತಾಳದವನಿಗೆ ಕಥೆಯೂ ಇಲ್ಲ ಎಂದೆಲ್ಲ ಗುಡುಗಿದೆ. ಎಂಜಿನಿಯರನೊಬ್ಬ ಎದ್ದುನಿಂತು, "ಮೇಡಂ, ಗ್ರೀನ್ ಕಾರ್ಡ್‌ಗೆ ವೇಟ್ ಮಾಡ್ತಿರೋ ನಮ್ಮನ್ನ ನೋಡೇ ಆ ವರ್ಡ್ ಮಾಡಿರ್ಬೇಕು" ಎಂದ. ಎಲ್ಲರೂ ನಕ್ಕರು. ನಾನು ಉಬ್ಬಿಹೋದೆ.

ಉಬ್ಬಿದ್ದು ಬರಿಯ ಮನಸ್ಸಲ್ಲ. ಭಾಷಣದ ನಂತರ ಯಾರೋ ಆಂಟಿ ಪ್ರೀತಿಯಿಂದ ಮಾಡಿ ತಂದ ಚಕ್ಕುಲಿ ಕಡಿದೆ, ದವಡೆ ಹಲ್ಲಿನ ಹಳೆಯ ಸಿಮೆಂಟು ಕಿತ್ತು ಬಂತು. ಮಾರನೆಯ ದಿನದಿಂದ ನೋವು. ಶ್ರುತಿಗೆ ಹೇಳಲಿಲ್ಲ. ಮನೆಗೆ ಬಂದ ನೆಂಟಳು ಕೆನ್ನೆ ಹಿಡಿದುಕೊಂಡು ಕೂತರೆ ಆ ಹುಡುಗಿ ಕೆಲಸಕ್ಕೆ ರಜೆ ಹಾಕಬೇಕು, ಡಾಕ್ಟರನ್ನು ಹುಡುಕಬೇಕು. ದಾಕ್ಷಿಣ್ಯ ಅಡ್ಡ ಬಂತು. ಮಸಾಲೆ ಡಬ್ಬಿಯಿಂದ ಲವಂಗ ಕದ್ದು ಹಲ್ಲಿಗೆ ಒತ್ತಿಕೊಂಡು ನಾಲ್ಕು ದಿನ ನಗುತ್ತಾ ಕಳೆದೆ. ಕಂಡುಹಿಡಿದವಳು ದಿಯಾ ಒಬ್ಬಳೇ. "ಅಜ್ಜೀ, ನಿಮ್ಮ ಒನ್ ಸೈಡ್ ಫೇಸ್ ಬಿಗ್ ಇದೆ. ಡಸ್ ಇಟ್ ಹರ್ಟ್?" ಎಂದಳು. "ಇಲ್ಲ ಪುಟ್ಟಾ, ಬಾಯಲ್ಲಿ ಅಡಿಕೆ ಇದೆ" ಎಂದೆ. ಪಾಪ, ನಂಬಿತು.

ನಾರ್ತ್ ಕ್ಯಾರೊಲಿನಾದ ಬೆಟ್ಟ

ಶ್ರುತಿ ನನ್ನನ್ನು ಕಾರಿನಲ್ಲೇ ವಿಮಲಳ ಮನೆ ಮುಟ್ಟಿಸುತ್ತೇನೆಂದಳು. ದಾರಿಯಲ್ಲಿ ನನ್ನದೊಂದು ಸ್ವಾರ್ಥವಿತ್ತು. ಶ್ರುತಿಯ ಆಫೀಸಿನ ಹುಡುಗಿಯೊಬ್ಬಳ ಅಜ್ಜಿ, ಐಲೀನ್ ಎಂಬ ಎಂಬತ್ತನಾಲ್ಕರ ಮುದುಕಿ, ನಾರ್ತ್ ಕ್ಯಾರೊಲಿನಾದ ಬೆಟ್ಟದ ಮೇಲಿದ್ದಾಳೆ. ಅವಳ ಪೂರ್ವಿಕರು ನೂರಾರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಕಡೆಯಿಂದ ಬಂದವರು. ಥೋಲ್ ಎಂಬ ಮಾತು ಅವರ ಮನೆಯಲ್ಲಿ ಇನ್ನೂ ಬಳಕೆಯಲ್ಲಿದೆ ಎಂದು ಆ ಹುಡುಗಿ ಹೇಳಿದ್ದಳಂತೆ. ಪುಸ್ತಕಗಳಲ್ಲಿ ಐವತ್ತು ವರ್ಷ ಬೆನ್ನು ಹತ್ತಿದ ಪದವನ್ನು ಒಮ್ಮೆ ಜೀವಂತ ಬಾಯಿಂದ ಕೇಳಬೇಕಿತ್ತು. ಮುನ್ನುಡಿಗೆ ಇನ್ನೊಂದು ಪುಟ ಸೇರಿಸಲು ಸಂಪಾದಕರಲ್ಲಿ ಜಾಗವನ್ನೂ ಹಿಡಿದಿಟ್ಟಿದ್ದೆ.

ಐಲೀನಜ್ಜಿ ಜಗಲಿಯಲ್ಲಿ ತೂಗುಕುರ್ಚಿ ಹಾಕಿಕೊಂಡು ಹುರುಳಿಕಾಯಿ ಸೋಸುತ್ತಿದ್ದಳು. ನಾರು ತೆಗೆಯುವ ರೀತಿ ಥೇಟು ನಮ್ಮ ಅತ್ತೆಯದು. ನಾನು ಪಕ್ಕದಲ್ಲಿ ಕೂತು, ಫೋನಿನ ರೆಕಾರ್ಡರ್ ಒತ್ತಿ, ಪ್ರಶ್ನೆ ಶುರು ಮಾಡಿದೆ: ನಿಮ್ಮ ಅಜ್ಜಿ ಥೋಲ್ ಎಂಬ ಪದವನ್ನು ಯಾವ ಸಂದರ್ಭದಲ್ಲಿ ಬಳಸುತ್ತಿದ್ದರು? ಅವಳು ಕನ್ನಡಕ ಏರಿಸಿ ನನ್ನ ಮುಖ ನೋಡಿದಳು.

"ಕೆನ್ನೆಗೇನಾಗಿದೆ?"

"ಏನಿಲ್ಲ, ಸ್ವಲ್ಪ ಹಲ್ಲು."

ಅವಳು ಕಾಯಿಯ ಬುಟ್ಟಿ ಕೆಳಗಿಟ್ಟು, ಹಿಂದೆಮುಂದೆ ನೋಡದೆ ತಣ್ಣನೆಯ ಬೆರಳನ್ನು ನನ್ನ ದವಡೆಗೆ ಒತ್ತಿದಳು. ಕಣ್ಣು ಕತ್ತಲಿಟ್ಟು ಕಿರುಚಿದೆ. ಕಾರಿನ ಹತ್ತಿರವಿದ್ದ ಶ್ರುತಿ ಓಡಿಬಂದಳು.

"ಎಷ್ಟು ದಿನವಾಯಿತು?"

"ಐದು ದಿನ. ಥೋಲ್ ಮಾಡುತ್ತಿದ್ದೇನೆ" ಎಂದೆ, ತಮಾಷೆಗೆ. ಮೆಚ್ಚುತ್ತಾಳೆಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು.

"ನಮ್ಮಜ್ಜಿ ಆ ಮಾತು ಹೇಳ್ತಿದ್ದದ್ದು ಹಿಮಕ್ಕೆ. ತಾತ ಸತ್ತಾಗ ಹೇಳಿದಳು. ಹಲ್ಲಿಗೆ ಯಾವತ್ತೂ ಹೇಳಲಿಲ್ಲ. ಹಲ್ಲಿಗೆ ನಮ್ಮನೇಲಿ ಇಕ್ಕಳ ಇತ್ತು."

ಅವಳು ಒಳಗೆ ಹೋಗಿ ಗಾಡಿಯ ಕೀ ತಂದಳು. ಹೋಗುತ್ತಾ ಇನ್ನೊಂದು ಮಾತು ಹೇಳಿದಳು: "ಇನ್ನೊಂದು ಕೇಳು. ಅದನ್ನು ಇನ್ನೊಬ್ಬರಿಗೆ ಹೇಳೋದು ನಮ್ಮಲ್ಲಿ ಮರ್ಯಾದೆ ಅಲ್ಲ. ತನಗೆ ತಾನೇ ಹೇಳ್ಕೋಬೇಕು, ಬೇರೆ ದಾರಿ ಏನೂ ಇಲ್ಲದಾಗ." ರೆಕಾರ್ಡರ್ ಓಡುತ್ತಲೇ ಇತ್ತು.

ಎಂಬತ್ತನಾಲ್ಕರ ಅಜ್ಜಿ ಪಿಕಪ್ ಟ್ರಕ್ಕಿನಲ್ಲಿ ನನ್ನನ್ನು ಕೂರಿಸಿಕೊಂಡು ಬೆಟ್ಟದ ತಿರುವುಗಳಲ್ಲಿ ಓಡಿಸಿದ ಆ ಇಪ್ಪತ್ತು ನಿಮಿಷ ಹಲ್ಲುನೋವು ಮರೆತೇಹೋಗಿತ್ತು. ಕೆಳಗಿನ ಊರಿನ ದಂತವೈದ್ಯನಿಗೆ ಹೊರಡುವ ಮೊದಲೇ ಫೋನ್ ಮಾಡಿ ಗದರಿ ಒಪ್ಪಿಸಿದ್ದಳು. ಅವನು ನೋಡಿದ, ಹಲ್ಲು ಕಿತ್ತ, ಕೀವು ತೆಗೆದ. ಇನ್ನೆರಡು ದಿನ ಬಿಟ್ಟಿದ್ದರೆ ನಿಮ್ಮನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತಿತ್ತು, ಕುತ್ತಿಗೆಗೆ ಇಳಿಯುತ್ತಿತ್ತು ಎಂದ.

ಹಿಂದೆಯೇ ತನ್ನ ಕಾರಿನಲ್ಲಿ ಬಂದಿದ್ದ ಶ್ರುತಿ ಹೊರಗೆ ಅಳುತ್ತಿದ್ದಳು. "ನಮ್ಮನೇಲಿ ಇದ್ಕೊಂಡು ನಮಗೇ ಹೇಳ್ಲಿಲ್ವಲ್ಲ ಮೇಡಂ. ನಿಮಗೇನಾದ್ರೂ ಆಗಿದ್ರೆ ನಾನು ಲೈಫ್‌ಲಾಂಗ್ ಹೇಗೆ ಇರ್ಬೇಕಿತ್ತು?" ಎಂದಳು. ಅವಳಿಗೆ ತೊಂದರೆಯಾಗದಿರಲಿ ಎಂದು ಮುಚ್ಚಿಟ್ಟದ್ದು ಅವಳಿಗೆ ಬೆನ್ನು ತಿರುಗಿಸಿದ ಹಾಗೆ ಕಂಡಿತ್ತು. ನನಗೆ ಅದು ತಿಳಿಯಲೇ ಇಲ್ಲವಲ್ಲ ಎಂದು ದಂಗಾದೆ.

ಅಲ್ಫರೆಟಾ

ಅಟ್ಲಾಂಟಾದ ಹೊರವಲಯದ ಈ ಊರಿನಲ್ಲಿ ವಿಮಲ ಮನೆಯ ಬಾಗಿಲಲ್ಲೇ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ, ನಗು ಮಾತ್ರ ಹಾಸ್ಟೆಲಿನದೇ. ನಾನು ಎರಡೂ ಕೈ ಚಾಚಿದರೆ ಅವಳು ಓರೆಯಾಗಿ, ಬಲಭುಜವನ್ನಷ್ಟೇ ಕೊಟ್ಟು ಅಪ್ಪಿಕೊಂಡಳು. ಅಮೆರಿಕದ ಅಭ್ಯಾಸವಿರಬೇಕೆಂದುಕೊಂಡೆ. ಶ್ರುತಿ ಒಂದು ದಿನ ಇದ್ದು, ನನ್ನ ಮಾತ್ರೆಗಳ ಲೆಕ್ಕವನ್ನು ವಿಮಲಳಿಗೆ ಒಪ್ಪಿಸಿ ವಾಪಸು ಹೋದಳು.

ವಿಮಲಳ ಗಂಡ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ಅವರಿದ್ದ ಕಾಲೊನಿಯ ತುಂಬ ಈಗ ಬೆಂಗಳೂರು, ಮೈಸೂರಿನ ಚಿಕ್ಕ ವಯಸ್ಸಿನ ಸಂಸಾರಗಳು. ಎಲ್ಲರಿಗೂ ಇವಳು ವಿಮಲಾ ಆಂಟಿ. ಯಾರ ಮನೆಯ ಸೀಮಂತಕ್ಕೂ ಇವಳದೇ ಹೋಳಿಗೆ. ನಾನು ಬಂದ ಮೊದಲ ವಾರವಂತೂ ಒಲೆ ಆರಲಿಲ್ಲ: ಹುರುಳಿಕಾಳಿನ ಬಸ್ಸಾರು, ಮೆಂತ್ಯದ ದೋಸೆ, ಗಸಗಸೆ ಪಾಯಸ. ಕುಕ್ಕರನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ಎಡಗೈ ಕೊಡೇ ಎಂದರೆ "ಅಭ್ಯಾಸ ಆಗಿಬಿಟ್ಟಿದೆ" ಎನ್ನುತ್ತಿದ್ದಳು.

ಹಲ್ಲಿನ ಕಥೆಯನ್ನು ನಾನು ನಟಿಸಿಯೇ ಹೇಳಿದೆ: ಚಕ್ಕುಲಿ, ಲವಂಗದ ಕಳ್ಳತನ, ಇಕ್ಕಳದ ಮಾತು, ಟ್ರಕ್ಕು. ವಿಮಲ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. 'ಇನ್ನೆರಡು ದಿನ ಬಿಟ್ಟಿದ್ದರೆ' ಎನ್ನುವಲ್ಲಿಗೆ ಬಂದಾಗ "ಸದ್ಯ, ಆ ಅಜ್ಜಿ ನೋಡಿದ್ಲಲ್ಲ" ಎಂದು ಹೇಳಿ ಪಾತ್ರೆ ತೊಳೆಯಲು ಎದ್ದಳು. ಅರ್ಪಣೆಯ ಪುಟ ಕೊಡಲು ಅದು ಸಮಯವಲ್ಲ ಎನಿಸಿ ಹಾಗೆಯೇ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಒಂಬತ್ತನೆಯ ದಿನ ಬೆಳಗ್ಗೆ. ವಿಮಲ ಒಗ್ಗರಣೆ ಹಾಕುತ್ತಿದ್ದಳು. ಫ್ರಿಜ್ಜಿನ ಪಕ್ಕ ನಮ್ಮೂರಿನ ಕನ್ನಡ ಕ್ಯಾಲೆಂಡರ್ ತೂಗುಹಾಕಿತ್ತು. ಯಾರೋ ಪ್ರತಿ ವರ್ಷ ತಂದುಕೊಡುತ್ತಾರಂತೆ. ಏಕಾದಶಿ ಯಾವತ್ತು ಎಂದು ನೋಡಲು ಹೋದೆ. ಚೌಕಗಳಲ್ಲೆಲ್ಲ ಅವಳ ಪೆನ್ಸಿಲ್ ಬರಹ: ಗ್ಯಾಸ್, ಕಸದ ಗಾಡಿ, ಯಾರದೋ ಮಗುವಿನ ನಾಮಕರಣ. ನಾನು ಮರಳಿ ಹೊರಡುವ ದಿನಕ್ಕೆ ಏನು ಬರೆದಿದ್ದಾಳೋ ಎಂದು ಹಾಳೆ ಮಗುಚಿದೆ. 'ಇವಳು ಹೊರಡ್ತಾಳೆ' ಎಂದಿತ್ತು. ಅದರ ಮೂರು ಚೌಕದ ಆಚೆ: 'ಬಯಾಪ್ಸಿ, ಒಂಬತ್ತು ಗಂಟೆ.'

ಹಿಂದಿನ ಹಾಳೆಗಳನ್ನು ತಿರುಗಿಸಿದೆ. ಎರಡು ತಿಂಗಳ ಹಿಂದೆ 'ಬಯಾಪ್ಸಿ', ಅಡ್ಡಗೆರೆ ಎಳೆದಿದೆ. ಅದರ ಮುಂದಿನ ಹಾಳೆಯಲ್ಲಿ, ಹೋದ ತಿಂಗಳು, ಮತ್ತೆ 'ಬಯಾಪ್ಸಿ', ಮತ್ತೆ ಗೆರೆ, ಅದರ ಕೆಳಗೆ 'ಪರದೆ ಒಗೆಯೋದು, ರೂಮ್ ರೆಡಿ'. ಈ ತಿಂಗಳು ನಾನು ಬಂದ ದಿನದ ಹಿಂದಿನ ಚೌಕದಲ್ಲಿ ಮೂರನೆಯ ಸಲ. ಗೆರೆ ಎಳೆದದ್ದು ಪೆನ್ಸಿಲ್ ಮುರಿಯುವಷ್ಟು ಒತ್ತಿ.

"ವಿಮಲಾ, ಇದೇನು?"

ಸೌಟು ಹಿಡಿದೇ ತಿರುಗಿದಳು. ಕ್ಯಾಲೆಂಡರ್ ನೋಡಿದಳು, ಒಲೆ ಆರಿಸಿದಳು.

"ಅದಾ? ಏನಿಲ್ಲ ಕಣೇ. ಎಡಗಡೆ ಎದೇಲಿ ಒಂದು ಗಂಟು. ನೀನು ಹೋದ್ಮೇಲೆ ತೋರಿಸ್ತೀನಿ. ಡೇಟ್ ತಗೊಂಡಿದೀನಲ್ಲ."

"ಮೂರು ಸಲ ಕ್ಯಾನ್ಸಲ್ ಮಾಡಿದೀಯ!"

"ಕ್ಯಾನ್ಸಲ್ ಅಲ್ಲ, ರೀಶೆಡ್ಯೂಲ್. ಒಂದ್ಸಲ ಆಸ್ಪತ್ರೆಯವ್ರೇ ಮಾಡಿದ್ರು." ಹೇಳುತ್ತಾ ಕಿವಿಯ ಓಲೆ ಮುಟ್ಟಿಕೊಂಡಳು. ಸುಳ್ಳು ಹೇಳುವಾಗ ಹಾಸ್ಟೆಲಿನಲ್ಲೂ ಹಾಗೆಯೇ ಮಾಡುತ್ತಿದ್ದಳು.

"ಯಾಕೆ ವಿಮಲಾ?"

"ಯಾಕೆ ಅಂದ್ರೆ? ನಲವತ್ತೈದು ವರ್ಷಕ್ಕೆ ಒಂದ್ಸಲ ನೀನು ಮನೆಗೆ ಬರ್ತಿದೀಯ. ನೆಂಟರು ಬರೋ ಹೊತ್ತಿಗೆ ಆಸ್ಪತ್ರೆ ಪುರಾಣ ಇಟ್ಕೊಂಡು ಕೂತ್ಕೊಳಕ್ಕಾಗುತ್ತಾ? ನೀನು ನನ್ನ ಕೈಯಡುಗೆ ತಿಂದು, ಓಡಾಡಿ, ನಗ್ತಾ ಹೋಗ್ಬೇಕು ಅಂತಿತ್ತು. ನಾಕಾರು ವಾರ ಥೋಲ್ ಮಾಡಿದ್ರಾಯ್ತು. ನೀನೇ ಹೇಳ್ಕೊಟ್ಟಿದ್ದಲ್ವೇನೇ?"

ನಗುತ್ತಲೇ ಹೇಳಿದಳು. ನನಗೆ ಕೆನ್ನೆಗೆ ಬಾರಿಸಿದಂತಾಯಿತು. ನಲವತ್ತೆರಡು ವರ್ಷ ಡಾಕ್ಟರ ಹೆಂಡತಿಯಾಗಿ ಬಾಳಿದವಳು, ಊರವರ ರಿಪೋರ್ಟುಗಳನ್ನೆಲ್ಲ ಓದಿ ಹೇಳುವವಳು, ಪರದೆ ಒಗೆಯಲಿಕ್ಕಾಗಿ ತನ್ನ ಬಯಾಪ್ಸಿ ಮುಂದೂಡಿದ್ದಾಳೆ! ನಾನು ಎಪ್ಪತ್ತು ವರ್ಷದಲ್ಲಿ ಕೂಗದ ಹಾಗೆ ಕೂಗಾಡಿದೆ. ಬುದ್ಧಿ ಇದೆಯಾ ನಿನಗೆ, ನಾನು ಬಂದದ್ದು ನಿನ್ನ ಪಾಯಸ ಕುಡಿಯಲಿಕ್ಕಾ, ನೀನು ಸತ್ತರೆ ನಾನು ಯಾರಿಗೆ ಕಾಗದ ಬರೆಯಲಿ ಎಂದೆ. ಕೊನೆಗೆ ನನಗೇ ಅಳು ಬಂತು.

ಅವಳು ಒಳಗೆ ಹೋಗಿ ಹಿಂದೆ ವಿದೇಶಕ್ಕೆ ಬರೆಯುತ್ತಿದ್ದ ನೀಲಿ ಏರೋಗ್ರಾಮ್ ಕಾಗದವೊಂದನ್ನು ತಂದು ಮೇಜಿನ ಮೇಲಿಟ್ಟಳು. ನನ್ನದೇ ಅಕ್ಷರ, ಎಪ್ಪತ್ತೆಂಟರ ಫೆಬ್ರವರಿ. ಅವಳು ಹೋದ ಮೊದಲ ಚಳಿಗಾಲದಲ್ಲಿ, 'ಯಾಕೋ ದಿನವೂ ಅಳು ಬರುತ್ತದೆ' ಎಂದು ಬರೆದಿದ್ದಳು. ಅದಕ್ಕೆ ನಾನು ಕೊಟ್ಟ ಉತ್ತರ. ಆಗ ನನಗೆ ಇಪ್ಪತ್ತೈದು. ಓದಿದ್ದೆಲ್ಲ ನೆತ್ತಿಗೇರಿದ್ದ ಕಾಲ. 'ಥೋಲ್, ವಿಮಲಾ! ಹಳೆಯ ಕಾಲದ ಹೆಂಗಸರು ಕಡಲನ್ನೇ ತಾಳಿಕೊಂಡರು. ನೀನು ಒಂದು ಚಳಿಗಾಲವನ್ನು ತಾಳಿಕೋ. ತಾಳಿದವನು ಬಾಳಿಯಾನು.' ಕೆಳಗೆ ಎರಡು ಪುಟ ಲಾವಣಿಗಳ ವಿಚಾರ.

"ಎಷ್ಟು ಜೋರಾಗಿ ಬರ್ದಿದೀಯ ನೋಡು" ಎಂದಳು. ಆಮೇಲೆ ಮೇಜಿನ ಅಂಚನ್ನು ನೋಡುತ್ತಾ ಹೇಳಿದಳು. "ಆ ತಿಂಗಳು ನನಗೆ ಹೊಟ್ಟೇಲಿದ್ದದ್ದು ಹೋಗಿತ್ತು ಕಣೇ. ಐದು ತಿಂಗಳಾಗಿತ್ತು. ಅದನ್ನ ಬರಿಯೋಕೆ ಕೈ ಬರ್ಲಿಲ್ಲ. ಬರೀ ಅಳು ಬರುತ್ತೆ ಅಂತ ಬರ್ದೆ. ನೀನು ಯಾಕೆ ಅಂತ ಕೇಳ್ತೀಯ, ಆಗ ಹೇಳೋಣ ಅಂದ್ಕೊಂಡಿದ್ದೆ."

ಯಾಕೆ ಎಂದು ನಾನು ಕೇಳಿರಲಿಲ್ಲ. ಕಾಗದವನ್ನು ಎರಡು ಸಲ ಓದಿದೆ, ಎಲ್ಲಾದರೂ ಒಂದು ಪ್ರಶ್ನೆ ಇರಬಹುದೆಂದು. ಇರಲಿಲ್ಲ. ನಲವತ್ತೈದು ವರ್ಷ ಅವಳು ಅದನ್ನು ನನ್ನಿಂದ ಮುಚ್ಚಿಟ್ಟದ್ದು ನಾನು ಹೇಳಿಕೊಟ್ಟ ಪಾಠವನ್ನು ಒಪ್ಪಿಸಲು. ಇನ್ನೊಬ್ಬರಿಗೆ ಹೇಳೋದು ಮರ್ಯಾದೆ ಅಲ್ಲ ಎಂಬ ಐಲೀನಜ್ಜಿಯ ಮಾತು ನೆನಪಾಗಿ ನಾಚಿಕೆಯಾಯಿತು.

"ಅದು ಸುಳ್ಳು ಪಾಠ. ತಾಳ್ಬೇಡ ವಿಮಲಾ" ಎಂದೆ. "ಫೋನ್ ತಗೋ. ನಾನು ಮಾತಾಡಿದ್ರೆ ಆಸ್ಪತ್ರೆಯವ್ರು ಕೇಳಲ್ಲ. ನೀನೇ ಮಾತಾಡು, ನಾನು ಪಕ್ಕದಲ್ಲಿ ನಿಂತಿರ್ತೀನಿ."

ಅವಳು ಫೋನ್ ಹಿಡಿದು ನಂಬರ್ ಒತ್ತಿದಳು. ಯಾರೋ ಬರುವುದಿಲ್ಲವೆಂದು ತಪ್ಪಿಸಿಕೊಂಡಿದ್ದರಿಂದ ನಾಡಿದ್ದಕ್ಕೇ ಜಾಗ ಸಿಕ್ಕಿತು.

ಅಟ್ಲಾಂಟಾ

ನನಗೆ ಡ್ರೈವಿಂಗ್ ಬಾರದು. ಬಯಾಪ್ಸಿಗೆ ರೋಗಿಯೇ ಕಾರು ಓಡಿಸಿದಳು. ನಾನು ಪಕ್ಕದಲ್ಲಿ ಬೆಲ್ಟು ಬಿಗಿದು ಕೂತಿದ್ದೆ. ಫೋರ್ ಹಂಡ್ರೆಡ್ ಎಂದು ಅವರು ಕರೆಯುವ ಆ ಹೆದ್ದಾರಿಯ ಸಾಲು ಸಾಲು ಕಾರುಗಳ ನಡುವೆ ಎಪ್ಪತ್ತರ ಮುದುಕಿ ನುಗ್ಗುವುದನ್ನು ನೋಡಿ, ಗಂಟಿನಿಂದಲ್ಲ, ಇದರಿಂದಲೇ ಇಬ್ಬರೂ ಹೋಗುತ್ತೇವೆ ಎಂದುಕೊಂಡೆ.

ಐದನೆಯ ದಿನ ಫಲಿತಾಂಶ. ಕ್ಯಾನ್ಸರ್. ಡಾಕ್ಟರು ನಮ್ಮ ಶ್ರುತಿಯ ವಯಸ್ಸಿನವಳು. ಕುರ್ಚಿ ಎಳೆದುಕೊಂಡು ಎದುರಿಗೇ ಕೂತು, ಎರಡು ತಿಂಗಳ ಹಿಂದೆ ಬಂದಿದ್ದರೆ ಇದು ಇನ್ನೂ ಚಿಕ್ಕದಿರುತ್ತಿತ್ತು ಎಂದಳು. ಕೈ ಮೀರಿಲ್ಲ, ಆದರೆ ಇನ್ನು ಕಾಯುವುದು ಬೇಡ ಎಂದಳು. ವಿಮಲ ತಲೆಯಾಡಿಸಿದ್ದು ಯಾರದೋ ಮನೆಯ ವಿಷಯ ಕೇಳಿದ ಹಾಗಿತ್ತು. ನನಗೆ ಮಾತ್ರ ಆ 'ಎರಡು ತಿಂಗಳು' ಎಂಬುದು ಎದೆಯಲ್ಲಿ ಕೂತುಬಿಟ್ಟಿತು. ಟಿಕೆಟ್ ಮುಂದಕ್ಕೆ ಹಾಕಿಸಿದೆ.

ಆಪರೇಷನ್ ಆಯಿತು. ಕಾಲೊನಿಯ ಹುಡುಗ ಹುಡುಗಿಯರು ಸರದಿಯಲ್ಲಿ ಕಾರು ತಂದರು, ಸಾರು ತಂದರು. "ಆಂಟಿ, ನಮ್ಗೆ ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದು ಕೇಳದವರಿಲ್ಲ. ಒಬ್ಬ ಹುಡುಗಿಯಂತೂ ಕೋಪ ಮಾಡಿಕೊಂಡು ಎರಡು ದಿನ ಮಾತೇ ಬಿಟ್ಟಳು.

ಆಸ್ಪತ್ರೆಯಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಯಂತ್ರಗಳಲ್ಲ. ನರ್ಸು ಬಂದಾಗಲೆಲ್ಲ ನೋವಿಗೆ ನಂಬರು ಕೇಳುತ್ತಾಳೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ನೀವು ಎಷ್ಟು? ಉತ್ತರ ಬರುವವರೆಗೆ ಪೆನ್ನು ಹಿಡಿದು ನಿಂತೇ ಇರುತ್ತಾಳೆ. ಆ ದೇಶದಲ್ಲಿ ಉತ್ತರಕ್ಕಾಗಿ ಕಾದ ಮೊದಲ 'ಹೌ ಆರ್ ಯೂ' ಅದು.

"ಟೂ" ಎಂದಳು ವಿಮಲ. ಹಣೆಯ ಮೇಲೆ ಬೆವರು, ಹಾಸಿಗೆಯ ಅಂಚನ್ನು ಹಿಡಿದ ಬೆರಳು ಬೆಳ್ಳಗಾಗಿದ್ದವು. ಇನ್ನೊಂದು ಕೈ ಓಲೆಯ ಕಡೆ ಹೋಯಿತು. ಆಪರೇಷನ್‌ಗೆಂದು ಓಲೆ ಬಿಚ್ಚಿದ್ದರು, ಬರಿಗಿವಿಯನ್ನೇ ಮುಟ್ಟಿಕೊಂಡಳು.

"ಸುಳ್ಳು!" ಎಂದು ಕನ್ನಡದಲ್ಲೇ ಕೂಗಿದೆ. ನರ್ಸು ಬೆಚ್ಚಿಬಿದ್ದಳು. "ವಿಮಲಾ, ನಿಜ ಹೇಳು. ಅವಳು ಕೇಳ್ತಿದಾಳೆ. ನಾನೂ ಕೇಳ್ತಿದೀನಿ. ಎಷ್ಟು?"

ವಿಮಲ ನನ್ನನ್ನೇ ನೋಡಿದಳು.

"ಎಂಟು ಕಣೇ. ತುಂಬಾ ನೋಯ್ತಿದೆ."

ನರ್ಸಿಗೆ ಬೆರಳು ಎತ್ತಿ ಎಂಟು ಎಂದು ತೋರಿಸಿದೆ. ಅವಳು ಔಷಧಿ ತರಲು ಹೋದಳು. ನಾವಿಬ್ಬರೂ ಕೈ ಹಿಡಿದುಕೊಂಡು ಅತ್ತೆವು. ಗರ್ಭದಲ್ಲೇ ಹೋದ ಆ ಮಗುವಿಗೂ ಸೇರಿಸಿ ಅತ್ತೆವು.

ತುಮಕೂರು

ಊರಿಗೆ ಬಂದು ಮೊದಲು ಮಾಡಿದ ಕೆಲಸ ಚಪ್ಪಲಿ ಡಬ್ಬಿ ತೆಗೆದದ್ದು. ಇಷ್ಟು ವರ್ಷ ಕಾರ್ಡುಗಳನ್ನು ಕಾಲಕ್ಕೆ ತಕ್ಕಂತೆ ಜೋಡಿಸಿದ್ದೆ. ಈಗ ಅದೇ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ನೋಡಿ ಎರಡು ರಾಶಿ ಮಾಡಿದೆ. ಒಂದರಲ್ಲಿ ತಮಗೆ ತಾವೇ ಹೇಳಿಕೊಂಡವರು: ಗಂಡನನ್ನು ಕಡಲಿಗೆ ಕೊಟ್ಟವಳು, ಹಿಮದಲ್ಲಿ ಸಿಕ್ಕಿದ ಕುರಿಗಾಹಿ. ಇನ್ನೊಂದರಲ್ಲಿ ಇನ್ನೊಬ್ಬರಿಗೆ ಹೇಳಿದವರು. ಜಮೀನಿನ ಒಡೆಯ ಒಕ್ಕಲಿಗೆ ಹೇಳುತ್ತಾನೆ, ಪಾದ್ರಿ ಬಡವರಿಗೆ ಹೇಳುತ್ತಾನೆ, ಅತ್ತೆ ಸೊಸೆಗೆ ಹೇಳುತ್ತಾಳೆ. ಹೇಳಿದವರ ಮನೆಯಲ್ಲಿ ಬೆಂಕಿ ಬೆಚ್ಚಗೆ ಉರಿಯುತ್ತಿರುತ್ತದೆ. ಅರ್ಧ ಜೀವಮಾನ ಪಾಠ ಹೇಳಿದವಳಿಗೆ ಇದು ಕಂಡಿರಲಿಲ್ಲ. ವಿಮಲಳನ್ನು ಕೇಳಿ ತಂದಿದ್ದ ಆ ನೀಲಿ ಏರೋಗ್ರಾಮನ್ನು ಎರಡನೆಯ ರಾಶಿಯ ಮೇಲಿಟ್ಟೆ.

ಮುನ್ನುಡಿಯ ಹನ್ನೆರಡು ಪುಟ ಕಿತ್ತುಹಾಕಿ ಬೇರೆ ಬರೆದೆ. ಪ್ರಕಾಶಕರು ತಾಳ್ಮೆಯ ಮೇಲೆ ಪುಸ್ತಕ ಮಾಡುವವರಿಗೆ ಇಷ್ಟು ಚಂಚಲ ಬುದ್ಧಿಯೇ ಎಂದು ರೇಗಿದರು. ಅರ್ಪಣೆಯ ಪುಟದಲ್ಲಿ ಈಗ 'ವಿಮಲಳಿಗೆ' ಎಂದಷ್ಟೇ ಇದೆ.

ಅವಳ ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಹೋದ ವಾರ ಕಾಗದ ಬಂತು, ನಾಲ್ಕು ಪುಟ. ನಾಲ್ಕು ಪುಟವೂ ದೂರು: ಬಾಯಿ ರುಚಿಯಿಲ್ಲ, ಕೂದಲು ಉದುರಿ ಸೋರೆಕಾಯಿಯಾಗಿದ್ದೇನೆ, ಪಕ್ಕದ ಮನೆಯವಳ ಸಾರಿಗೆ ಉಪ್ಪೇ ಇಲ್ಲ, ರಾತ್ರಿ ಹೆದರಿಕೆಯಾಗುತ್ತದೆ, ನೀನು ಯಾಕೆ ಹೋದೆ. ಹೀಗೆ ಅವಳು ಜನ್ಮದಲ್ಲಿ ಬರೆದವಳಲ್ಲ. ಓದಿ ಸಂಕಟವಾಯಿತು, ಸಂತೋಷವೂ ಆಯಿತು. ಕೊನೆಯಲ್ಲಿ, ಹಳೆಯ ಪದ ಇರುತ್ತಿದ್ದ ಜಾಗದಲ್ಲಿ, ಸಹಿಯ ಮೇಲೆ ಹೀಗೆ ಬರೆದಿದ್ದಳು: 'ಇವತ್ತು ಆರು. ನಿನ್ನದು?'

ಕೂಡಲೇ ಉತ್ತರಕ್ಕೆ ಕೂತೆ. ಲಾವಣಿಗಳ ವಿಚಾರ ಒಂದು ಸಾಲೂ ಬರೆಯಲಿಲ್ಲ. ಆರು ಯಾಕೆ, ಎಲ್ಲಿ ನೋಯುತ್ತಿದೆ, ಡಾಕ್ಟರಿಗೆ ಆರು ಎಂದೇ ಹೇಳಿದೆಯಾ ಎಂದು ಪುಟದ ತುಂಬ ಪ್ರಶ್ನೆ ಕೇಳಿದೆ. ಕೊನೆಗೆ ಸಹಿಯ ಮೇಲೆ, ಎರಡು ವರ್ಷದಿಂದ ಯಾರಿಗೂ ಹೇಳದಿದ್ದದ್ದನ್ನು ಬರೆದೆ: 'ಬಲ ಮೊಣಕಾಲು, ಐದು.'